ಅಂಟಿಸಿದ ರೆಕ್ಕೆ

ನನ್ನ ಕಾರಿಗೆ ಹೂವು ಮುಡಿಸುವುದಿಲ್ಲ ಎಂದು ಹೇಳಿದ್ದು ತಪ್ಪೇ? ಇವತ್ತಿಗೂ ಅದನ್ನೇ ಹೇಳುತ್ತೇನೆ. (ಅಡುಗೆಮನೆಯಲ್ಲಿ ಹೆಂಡತಿಯ ಮಿಕ್ಸಿ ಓಡುತ್ತಿರುವಾಗ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.)

ಮಗಳು ರಾವಿಯಾಳ ಮದುವೆ. ಕೈರೋದ ಶುಬ್ರಾ ಬಡಾವಣೆಯ ನಮ್ಮ ಗಲ್ಲಿಯಿಂದ ನೈಲ್ ದಂಡೆಯ ಸಭಾಂಗಣಕ್ಕೆ ಹಾರ್ನ್ ಬಾರಿಸುತ್ತ ಹೋಗುವ ಮೆರವಣಿಗೆಯಲ್ಲಿ ಮದುಮಗಳು ಯಾರ ಕಾರಿನಲ್ಲಿ ಕೂರಬೇಕು? ಹೆಂಡತಿಯ ಅಣ್ಣ ಶೌಕಿ ತನ್ನ ಉದ್ದನೆಯ ಕಪ್ಪು ಕಾರನ್ನು ಆಗಲೇ ತೊಳೆಸಿಟ್ಟಿದ್ದ. ನನ್ನದು ಹಳೆಯ ಬಿಳಿ ಕಾರು. ರಾವಿಯಾಳನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲೇ. ತಂದ ಕಾರಿನಲ್ಲೇ ಕಳಿಸಿಕೊಡಬೇಕೆಂಬುದು ನನ್ನ ಹಟ. ರಿಬ್ಬನ್ನು, ಹೂವು ಕಟ್ಟಿಸಿದರೆ ಮಾತ್ರ ಸರಿ, ಇಲ್ಲವಾದರೆ ಹುಡುಗಿ ಸೋದರಮಾವನ ಕಾರಿನಲ್ಲೇ ಹೋಗುತ್ತಾಳೆ ಎಂದು ನನ್ನ ಹೆಂಡತಿ ಇಸ್ಮತ್ ತೀರ್ಪು ಕೊಟ್ಟಳು.

"ಅದು ಗಂಡು ಕಾರು ಕಣೇ. ಹೂವು ಮುಡಿಯಲ್ಲ."

"ಗಂಡೋ ಹೆಣ್ಣೋ, ತಳ್ಳಿಸ್ಕೊಳ್ದೆ ಹೊರಟರೆ ಸಾಕು."

ಹೂವಿನ ಬದಲು ಗಂಡಿಗೊಪ್ಪುವ ಅಲಂಕಾರವೆಂದು ಆಗ ಹೊಳೆದದ್ದೇ ಸ್ಪಾಯ್ಲರ್. ಕಾರಿನ ಬೆನ್ನಿಗೆ ಹಚ್ಚುವ ರೆಕ್ಕೆ. ಓಡುವಾಗ ಕಾರು ಮೇಲೇಳದಂತೆ ಅದುಮಿ ಹಿಡಿಯುತ್ತದಂತೆ. (ನಮ್ಮ ಕಾರು ಮೇಲೇಳುವ ಭಯ ಯಾರಿಗಿದೆ ಎಂದು ಇಸ್ಮತ್ ವಿಚಾರಿಸಿದಳು.) ಹಳೆಯ ಬಿಡಿಭಾಗಗಳ ಸಂತೆಯಿಂದ, ಅಲ್ಲಲ್ಲಿ ಬಿರುಕು ಬಿಟ್ಟ ಒಂದನ್ನು ತಂದೆ. ಮೆಕ್ಯಾನಿಕ್ ಡಿಕ್ಕಿಗೆ ತೂತು ಕೊರೆಯಬೇಕೆಂದ. ನನ್ನ ಕಾರಿಗೆ ತೂತೇ? ಎರಡು ಬದಿಗೂ ಅಂಟುವ ಟೇಪು ಹಚ್ಚಿದೆ, ಸುತ್ತ ಸೀಲಂಟ್ ಅಂಟು ಹಿಂಡಿದೆ, ಉಳಿದದ್ದನ್ನು ಬಿರುಕುಗಳಿಗೆಂದು ರೆಕ್ಕೆಯ ಮೇಲೆಲ್ಲ ಧಾರಾಳವಾಗಿ ಸವರಿದೆ. ಅಂಟು ಒಣಗಬೇಕು, ಬೆಳಗಿನವರೆಗೆ ಒಂದು ನೊಣವೂ ಅದರ ಮೇಲೆ ಕೂರಕೂಡದೆಂದು ಇಡೀ ಕಟ್ಟಡಕ್ಕೆ ರಾಜಾಜ್ಞೆ ಹೊರಡಿಸಿದೆ.

ಸಂಜೆ ಮರುಭೂಮಿಯ ಧೂಳುಗಾಳಿ ಎದ್ದಿತು. ಕೈರೋದಲ್ಲಿ ಧೂಳೆದ್ದರೆ ತಾಯಿ ಮಗುವಿಗೆ ಹೊದಿಸುತ್ತಾಳೆ, ಅಪ್ಪ ಕಾರಿಗೆ ಹೊದಿಸುತ್ತಾನೆ. ಎಷ್ಟೋ ವರ್ಷಗಳ ಅಭ್ಯಾಸ. ಕಾಲು ಓಡಿತು, ಕೈ ಹೊದಿಸಿತು, ಹಗ್ಗ ಬಿಗಿದು ಗಂಟೂ ಹಾಕಿತು. ತಲೆಯನ್ನು ಯಾರೂ ಕೇಳಲಿಲ್ಲ. ಹೊದಿಕೆಯೋ, ರಾವಿಯಾಳ ಬಾಲ್ಯದ ದುಪ್ಪಟಿಗಳನ್ನು ಜೋಡಿಸಿ ಇಸ್ಮತ್ ಹೊಲಿದದ್ದು. ಅದರ ತುಂಬ ಎಲೆಕೋಸಿನ ಗಾತ್ರದ ಕೆಂಪು ಗುಲಾಬಿಗಳು.

ಮದುವೆಯ ದಿನ ಬೆಳಿಗ್ಗೆ ಹೊದಿಕೆ ಬಾನೆಟ್ಟಿನಿಂದ ಬಂತು, ಛಾವಣಿಯಿಂದ ಬಂತು, ರೆಕ್ಕೆಯ ಹತ್ತಿರ ನಿಂತಿತು. ಎಳೆದೆ. ಕಾರು ಬಂತು, ಹೊದಿಕೆ ಬರಲಿಲ್ಲ. ಅಂಟಿನ ನಂಟು ಅಂಥದ್ದು. ಗಲ್ಲಿಯಲ್ಲಿ ಹಾರ್ನುಗಳು ಶುರುವಾಗಿದ್ದವು. ಶೌಕಿ ತನ್ನ ಕಾರಿನ ಬಾಗಿಲು ತೆರೆದು, ಹೊಟ್ಟೆ ಮುಂದಿಟ್ಟು ನಿಂತಿದ್ದ.

ಇಸ್ಮತ್ ರೇಷ್ಮೆ ಉಡುಪಿನಲ್ಲೇ ಕತ್ತರಿ ಹಿಡಿದು ಕೆಳಗಿಳಿದಳು. ರೆಕ್ಕೆಯ ಸುತ್ತ ಬಟ್ಟೆಯನ್ನು ನೀಟಾಗಿ ಕತ್ತರಿಸಿ ಅಂಚು ಮಡಿಚಿದಳು. ನನ್ನ ಗಂಡು ಕಾರು ಬೆನ್ನ ತುಂಬ ಗುಲಾಬಿ ಹೊತ್ತು ನಿಂತಿತು.

ರಾವಿಯಾ ಬಂದಳು. ಕಪ್ಪು ಕಾರನ್ನು ದಾಟಿ ನಮ್ಮ ಡಿಕ್ಕಿಯ ಬಳಿ ನಿಂತು ಬಟ್ಟೆ ಮುಟ್ಟಿ ನೋಡಿದಳು.

"ಬಾಬಾ, ಇದು ನಾನು ಹೊದ್ಕೊಂಡು ಮಲಗ್ತಿದ್ದುದಲ್ವಾ?"

ನಮ್ಮ ಕಾರನ್ನೇ ಹತ್ತಿ ಕೂತಳು. ಸೇತುವೆಯ ಮೇಲೆ ಶೌಕಿಯ ಕಾರಿಗೆ ಕಟ್ಟಿದ್ದ ರಿಬ್ಬನ್ನುಗಳು ಗಾಳಿಗೆ ಹಾರಿಹೋದವು. ನನ್ನ ರೆಕ್ಕೆ ಮಿಸುಕಲಿಲ್ಲ. ಟೇಪಿನ ಬಗ್ಗೆ ಯಾರಾದರೂ ಚಕಾರವೆತ್ತಲಿ, ನೋಡೋಣ.

ಮದುವೆ ಮುಗಿದ ಮೇಲೆ ಬ್ಲೇಡು, ಸೀಮೆಎಣ್ಣೆ, ಬಿಸಿನೀರು ಎಲ್ಲ ಪ್ರಯೋಗಿಸಿದೆ. ಕಾರಿನ ಬಣ್ಣ ಕಿತ್ತು ಬರುತ್ತಿದೆ, ಗುಲಾಬಿ ಬರುತ್ತಿಲ್ಲ. ನಿನ್ನೆಯೂ ಕೆರೆಯುತ್ತ ಕೂತಿದ್ದೆ. ಬಾಲ್ಕನಿಯಿಂದ ಇಸ್ಮತ್ ಬಗ್ಗಿ ನೋಡಿದಳು.

"ಬಿಡಿ ರಿಫಾತ್. ನಾನು ಒಂದು ದಿನಕ್ಕೆ ಹೂವು ಕೇಳಿದ್ದೆ. ನೀವು ಜೀವಮಾನಕ್ಕೇ ಮುಡಿಸಿದ್ದೀರಿ."