ಕರ್ಪೂರದ ವಾಸನೆಯ ಬತ್ತಳಿಕೆ

ಹೆಂಡತಿಗೆ ಸಾಮಾನು ಕೊಡಿಸುವ ಗಂಡಸರಲ್ಲಿ ಎರಡು ಜಾತಿ. ಕೇಳಿ ಕೊಡಿಸುವವರು ಒಂದು. ಕೇಳದೆ ಕೊಡಿಸಿ, ಆಮೇಲೆ ಅದನ್ನು ವಾಪಸು ಮಾಡಲು ಅಂಗಡಿಯ ಕ್ಯೂನಲ್ಲಿ ನಿಲ್ಲುವವರು ಇನ್ನೊಂದು. ನಾನು ಎರಡನೆಯ ಜಾತಿಯ ಹಿರಿಯ ಸದಸ್ಯ. ಸೀರೆ, ಸ್ವೆಟರು, ವಾಚು, ಏನು ತಂದರೂ ದೇಚಮ್ಮ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ರಸೀದಿ ಇದೆಯಾ?" ಇಂಥ ನನ್ನ ತಲೆಗೆ ಒಂದು ವರ್ಷ ಬತ್ತಳಿಕೆ ಆರಿಸುವ ಕೆಲಸ ಬಂದು ಬಿತ್ತು. ಹೌದು, ಬಾಣ ಇಟ್ಟುಕೊಳ್ಳುವ ಬತ್ತಳಿಕೆಯೇ.

ಎಂಬತ್ತರ ದಶಕದ ಕೊನೆ. ನಾವು ಜರ್ಸಿ ಸಿಟಿಯ ಮೂರನೆಯ ಮಹಡಿಯಲ್ಲಿದ್ದೆವು. ನಾನು ದಿನಾ ರೈಲು ಹಿಡಿದು ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ದೇಚಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಅವಳು ಕೊಡಗಿನವಳು. ನಾನು ಮೈಸೂರಿನ ಅಗ್ರಹಾರದವನು, ಮೊಟ್ಟೆ ಹಾಕಿದ ಕೇಕನ್ನೂ ಮೂಸಿ ನೋಡಿ ಕೆಳಗಿಡುವವನು. ಮದುವೆಯ ದಿನವೇ ನಮ್ಮಲ್ಲಿ ಒಪ್ಪಂದವಾಗಿತ್ತು. ಫ್ರಿಜ್ಜಿನ ಮೇಲಿನ ಖಾನೆಗಳು ನನ್ನವು, ಕೆಳಗಿನದು ಅವಳದು. ಎರಡು ದೇಶಗಳ ನಡುವೆ ಅಷ್ಟು ಶಾಂತವಾದ ಗಡಿಯನ್ನು ನಾನು ಎಲ್ಲೂ ಕಂಡಿಲ್ಲ.

ಲ್ಯಾಬಿನ ಗೆಳತಿ ಕ್ಯಾರಲ್ ಅವಳಿಗೆ ಬಿಲ್ಲಿನ ಹುಚ್ಚು ಹಿಡಿಸಿದಳು. ಚಕ್ರ, ದುರ್ಬೀನು ಯಾವುದೂ ಇಲ್ಲದ ಬರೀ ಮರದ ಬಿಲ್ಲು. ರಜೆಯ ದಿನ ಇಬ್ಬರೂ ಹುಲ್ಲಿನ ಕಂತೆಗೆ ಗುರಿಯಿಟ್ಟು ಬರುತ್ತಿದ್ದರು. ದೇಚಮ್ಮ ಬಿಲ್ಲೆಳೆಯುವುದನ್ನು ನೋಡಲು ನಾನೂ ಹೋಗುತ್ತಿದ್ದೆ. ಅವಳ ಬೆನ್ನು ನೆಟ್ಟಗಾಗುತ್ತಿತ್ತು, ಮುಖದಲ್ಲಿ ದಿನಸಿ ಲೆಕ್ಕ, ಬಾಡಿಗೆ, ನಾನು, ಯಾವುದೂ ಇರುತ್ತಿರಲಿಲ್ಲ. ಹದಿನೈದು ವರ್ಷ ಜೊತೆಗಿದ್ದ ಹೆಂಡತಿಯನ್ನು ಕಂಡು ಎದೆ ಹೊಡೆದುಕೊಳ್ಳುವುದು ಆ ವಯಸ್ಸಿನಲ್ಲಿ ಡಾಕ್ಟರಿಗೆ ಹೇಳಬೇಕಾದ ವಿಷಯ. ನಾನು ಯಾರಿಗೂ ಹೇಳಲಿಲ್ಲ.

ಆ ವರ್ಷ ಅವಳು ಪರೀಕ್ಷೆ ಪಾಸು ಮಾಡಿ ಬೇಟೆಯ ಲೈಸೆನ್ಸನ್ನೂ ತಂದಳು. ನಾನು ಗಾಬರಿಯಿಂದ ಏಕೆ ಎಂದೆ.

"ನಮ್ಮಲ್ಲಿ ಗಂಡು ಹುಟ್ಟಿದ್ರೆ ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಮುಟ್ಟಿಸ್ತಾರೆ. ತಮ್ಮನಿಗೆ ಮಾಡಿದ್ದನ್ನ ನಾನೇ ಬಾಗಿಲಲ್ಲಿ ನಿಂತು ನೋಡಿದ್ದೆ. ಅವನು ಈಗ ಬೆಂಗಳೂರಲ್ಲಿ ಇನ್ಶೂರೆನ್ಸ್ ಮಾರ್ತಾನೆ," ಎಂದಳು. "ನನಗೆ ಒಂದು ಸಲ, ಒಂದೇ ಒಂದು ಸಲ, ಬಿಲ್ಲಲ್ಲಿ ಬೇಟೆ ಆಡ್ಬೇಕು."

"ಬತ್ತಳಿಕೆ ನಾನು ಕೊಡಿಸ್ತೀನಿ," ಎಂದುಬಿಟ್ಟೆ.

ಬೆಟ್ಟಗಳ ಕಡೆ ಹೋಗುವ ಹೆದ್ದಾರಿಯಲ್ಲಿ ಬಿಲ್ಲುಬಾಣದ ಅಂಗಡಿಯೊಂದಿತ್ತು. ಗೋಡೆಯ ತುಂಬ ಬತ್ತಳಿಕೆಗಳು. ನನಗೆ ಗೊತ್ತಿದ್ದದ್ದು ಕ್ಯಾಲೆಂಡರಿನ ದೇವರುಗಳ ಬೆನ್ನ ಮೇಲಿರುವ ಬತ್ತಳಿಕೆ ಒಂದೇ. ಅಂಥದ್ದನ್ನೇ, ಚರ್ಮದ ಮೇಲೆ ಹೂಬಳ್ಳಿ ಕೆತ್ತಿ ಕುಚ್ಚು ಇಳಿಬಿಟ್ಟದ್ದನ್ನು, ತೆಗೆದು, ಬಾಣ ತುಂಬಿ ಅವಳ ಬೆನ್ನಿಗೇರಿಸಿದೆ. ನಿಜ ಹೇಳುತ್ತೇನೆ, ಹೂಮಾಲೆ ಒಂದು ಕಡಿಮೆ. ದೇಚಮ್ಮ ಷೂ ಲೇಸು ಕಟ್ಟುವವಳಂತೆ ಬಗ್ಗಿದಳು. ಬಾಣಗಳೆಲ್ಲ ಅವಳ ತಲೆಯ ಮೇಲಿಂದ ಜಾರಿ ಅಂಗಡಿಯವನ ಕಾಲ ಬಳಿ ಬಿದ್ದವು. ಅವನು ಪುಣ್ಯಾತ್ಮ, ಬೂಟು ಹಾಕಿದ್ದ.

"ಜಿಂಕೆ ಹತ್ತಿರ ಇರುವಾಗ ಹೀಗೆ ಕೈ ಎತ್ತಿದ್ರೆ ಅದು ನಿಲ್ಲುತ್ತಾ?" ಎಂದು ಹೆಗಲ ಹಿಂದಕ್ಕೆ ಕೈ ಚಾಚಿ ತೋರಿಸಿದಳು. ಬಿಲ್ಲಿಗೇ ಸಿಕ್ಕಿಸುವಂಥದ್ದನ್ನು ಅಂಗಡಿಯವನು ಕೊಟ್ಟ. ಬಿಲ್ಲು ಭಾರವಾಯಿತೆಂದು ಹಿಂದಿರುಗಿಸಿದಳು. ಇನ್ನೊಂದನ್ನು ಕಟ್ಟಿಕೊಂಡು ಕಣ್ಣು ಮುಚ್ಚಿ ಅಂಗಡಿಯ ತುಂಬ ಓಡಾಡಿದಳು. ಹೆಜ್ಜೆಗೊಮ್ಮೆ ಬಾಣಗಳು ಒಂದಕ್ಕೊಂದು ತಾಗಿ ಟಿಕ್ ಎನ್ನುತ್ತಿದ್ದವಂತೆ. ನನಗೆ ಕೇಳಿಸಲೇ ಇಲ್ಲ, ಅವಳಿಗೆ ಕೇಳಿಸಿತು. ನಾನು ಸೀರೆ ಅಂಗಡಿಯಲ್ಲಿ ಕಾದು ಕಾದು ಬೇಸತ್ತವನು. ಇಲ್ಲಿ ಮಾತ್ರ ಇವಳು ಇಡೀ ದಿನ ಆರಿಸಲಿ ಅನ್ನಿಸಿತು.

ಕೊನೆಗೆ ಮೂಲೆಯಲ್ಲಿ ನೇತಾಡುತ್ತಿದ್ದ ಒಂದು ಪೆದ್ದು ಬತ್ತಳಿಕೆ ನನ್ನ ಕಣ್ಣಿಗೆ ಬಿತ್ತು. ಸೊಂಟಕ್ಕೆ ಕಟ್ಟುವಂಥದ್ದು, ಕಂದು ಚರ್ಮ, ಕುಚ್ಚಿಲ್ಲ, ಬಳ್ಳಿಯಿಲ್ಲ. ತಳದಲ್ಲಿ ಮೊನೆಗಳು ಕೂರಲು ಕುರಿಯ ಉಣ್ಣೆ ಹಾಕಿದ್ದರು. ಅವಳು ಅದನ್ನು ಕಟ್ಟಿಕೊಂಡು ನಡೆದಳು, ಬಗ್ಗಿದಳು, ಕುಣಿದಳು. ಸದ್ದಿಲ್ಲ. ಕೈ ಕೆಳಗಿಟ್ಟುಕೊಂಡೇ ಬಾಣ ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, "ಇದೇ ರೀ," ಎಂದಳು. ಆ ದಿನ ರಸೀದಿಯ ಮಾತೇ ಬರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ.

ಹಿಗ್ಗಿನಲ್ಲಿ ಮನುಷ್ಯನ ಬುದ್ಧಿ ನೆಟ್ಟಗಿರುವುದಿಲ್ಲ. ಆ ವಾರವೇ ಆಯುಧಪೂಜೆ ಬಂತು. ಪ್ರತಿವರ್ಷ ನಾನು ಪೂಜೆ ಮಾಡುತ್ತಿದ್ದದ್ದು ಕಾರಿಗೆ, ಮಿಕ್ಸಿಗೆ, ಒಂದು ಸ್ಕ್ರೂಡ್ರೈವರಿಗೆ. ಸ್ಕ್ರೂಡ್ರೈವರನ್ನು ಆಯುಧ ಎನ್ನಲು ನನಗೇ ನಾಚಿಕೆ. ಈ ಸಲ ಮನೆಯಲ್ಲಿ ನಿಜವಾದ ಆಯುಧವಿದೆ! ದೇಚಮ್ಮ ಡ್ಯೂಟಿಯಲ್ಲಿದ್ದಾಗ ಬತ್ತಳಿಕೆಯನ್ನು ಮಣೆಯ ಮೇಲಿಟ್ಟು ಗಂಧ ಹಚ್ಚಿದೆ, ಅರಿಶಿನ ಕುಂಕುಮ ಇಟ್ಟೆ, ಊದಿನಕಡ್ಡಿಯ ಹೊಗೆ ಒಳಗೆಲ್ಲ ತುಂಬುವಂತೆ ಹಿಡಿದೆ, ಕರ್ಪೂರದ ಮಂಗಳಾರತಿ ಎತ್ತಿದೆ. ಉಣ್ಣೆ ಎಲ್ಲವನ್ನೂ ಭಕ್ತಿಯಿಂದ ಹೀರಿಕೊಂಡಿತು.

ಬೇಟೆಯವರು ಸೋಪನ್ನೂ ಮುಟ್ಟುವುದಿಲ್ಲ, ಜಿಂಕೆ ಮೂಗಿನಿಂದಲೇ ಬದುಕುವ ಪ್ರಾಣಿ ಎಂಬುದು ನನಗೆ ಹೇಗೆ ಗೊತ್ತಿರಬೇಕು? ದೇಚಮ್ಮ ಬಂದು ಬಾಗಿಲಲ್ಲೇ ಮೂಗರಳಿಸಿದಳು. ಬತ್ತಳಿಕೆಯನ್ನು ಎತ್ತಿ ಮೂಸಿದಳು.

"ಇದನ್ನ ಕಟ್ಕೊಂಡು ಕಾಡಿಗೆ ಹೋದ್ರೆ ಜಿಂಕೆ ಬರಲ್ಲ," ಎಂದಳು. "ಕನ್ನಡ ಸಂಘದವರು ಬರ್ತಾರೆ, ಪ್ರಸಾದಕ್ಕೆ."

ನಕ್ಕಳು ನಿಜ, ಆದರೆ ಕಣ್ಣು ನಗಲಿಲ್ಲ. ಅವಳಿಗೆ ಆ ಸೀಸನ್ನಿನಲ್ಲಿ ರಜೆ ಸಿಕ್ಕಿದ್ದು ಎರಡು ಶನಿವಾರ ಮಾತ್ರ. ಮರುದಿನ ಆಫೀಸಿನಿಂದ ಬಂದ ನಾನು ಸೂಟು ಹಾಕಿಕೊಂಡೇ ಪಾರ್ಕಿಗೆ ಓಡಿ, ದಿಂಬಿನ ಚೀಲದಲ್ಲಿ ಒಣಗಿದೆಲೆ, ಮಣ್ಣು ತುಂಬಿಕೊಂಡು ಬಂದು ಕಾಡಿನ ವಾಸನೆ ಹಿಡಿಯಲೆಂದು ಬತ್ತಳಿಕೆಯನ್ನು ಅದರಲ್ಲಿ ಹೂತಿಟ್ಟೆ. ಮೊದಲ ಶನಿವಾರ ಅವಳು ಬರಿಗೈಯಲ್ಲಿ ಬಂದಳು. ಜಿಂಕೆ ಹತ್ತಿರ ಬಂತಂತೆ, ಮೂಗೆತ್ತಿತಂತೆ, ಹೋಯಿತಂತೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು. ವಾರವಿಡೀ ನಾನು ಎಲೆ ಬದಲಾಯಿಸಿದೆ, ಬೆಳಿಗ್ಗೆ ಸಂಜೆ ಮೂಸಿದೆ.

ಎರಡನೆಯ ಶನಿವಾರ ನಾನು ಮನೆಯಲ್ಲಿ ಕೂತು ದೇವರನ್ನು ಏನು ಕೇಳಬೇಕೆಂದು ತಿಳಿಯದೆ ಒದ್ದಾಡಿದೆ. ಜಿಂಕೆ ಬರಲಿ ಎಂದು ಕೇಳಲು ನನ್ನ ನಾಲಿಗೆ ಏಳದು, ಬಾರದಿರಲಿ ಎನ್ನಲು ಮನಸ್ಸು ಬಾರದು. ಕತ್ತಲಾಗುವ ಹೊತ್ತಿಗೆ ದೇಚಮ್ಮ ಬಂದಳು. ಕೂದಲಲ್ಲಿ ಎಲೆಚೂರು, ಮುಖ ಕೆಂಪು.

"ಒಂಚೂರೂ ಸದ್ದಾಗ್ಲಿಲ್ಲ ರೀ. ಕೈಗೆ ತಾನಾಗೇ ಬಂತು ಬಾಣ," ಎಂದವಳು ಬಾಗಿಲಿಗೆ ಒರಗಿ ಅತ್ತುಬಿಟ್ಟಳು. ನನಗೂ ಅಳು ಬಂತು. ಆ ಜಿಂಕೆಗಾಗಿಯೂ ಸ್ವಲ್ಪ ಅತ್ತೆ.

ಆಮೇಲೆ ಅವಳು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ನನ್ನ ಕೈಗಿಟ್ಟಳು. "ಬೇಟೆಗೆ ಬಂದವರಿಗೆಲ್ಲ ಪಾಲು ಕೊಡ್ಬೇಕು, ನಮ್ಮ ಪದ್ಧತಿ. ನಾಯಿಗೂ ಉಂಟು. ಇದು ನಿಮ್ಮದು."

"ನಾನು ಬಂದಿರಲಿಲ್ಲವಲ್ಲ ಮಾರಾಯ್ತಿ!"

"ಬತ್ತಳಿಕೆ ಆರಿಸಿದ್ದು ಯಾರು?"

ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ. ನಿಜವಾಗಿ ಹೇಳಬೇಕೆಂದರೆ, ಬೇಡ ಎನ್ನುವ ಮನಸ್ಸೂ ಇರಲಿಲ್ಲ. ಎರಡು ಕೈಯಲ್ಲೂ ಹಿಡಿದುಕೊಂಡೆ. ಮರುದಿನ ಅದನ್ನು ಕೆಳಮನೆಯ ಇಟಲಿಯ ಅಜ್ಜಿಗೆ ಕೊಟ್ಟೆ. ಯಾರು ಹೊಡೆದದ್ದು ಎಂದು ಆಕೆ ಕೇಳಿದಾಗ ನನ್ನ ಬಾಯಿಂದ "ನಾವು" ಎಂದೇ ಬಂತು. ಸೋಮವಾರ ಆಫೀಸಿನಲ್ಲಿ ಮೊಸರನ್ನದ ಡಬ್ಬಿ ತೆರೆದುಕೊಂಡು, ಜಿಂಕೆ ಹೊಡೆಯುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿರಬೇಕು ಎಂಬುದನ್ನು ಇಡೀ ಡಿಪಾರ್ಟ್‌ಮೆಂಟಿಗೆ ವಿವರವಾಗಿ ತಿಳಿಸಿದೆ.