ಜೇಬಿಲ್ಲದವಳ ಜೇಬಿನ ಚಾಕು

ಒಂದು ಮಡಚುವ ಚಾಕುವನ್ನು ದಿನವೂ ಜೊತೆಗಿಟ್ಟುಕೊಂಡು ಓಡಾಡುವುದರಲ್ಲಿ ಅಂಥ ಕಷ್ಟವೇನಿದೆ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಬೀದರಿನಿಂದ ಭಾಲ್ಕಿಯ ಶಾಲೆಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ, ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಕಲಿಸಿ, ಮತ್ತೆ ನಿಂತೇ ಬಂದು, ಮನೆಯಲ್ಲಿ ರೊಟ್ಟಿ ಬಡಿಯುವ ಹೆಂಗಸಿಗೆ ಬೆರಳುದ್ದದ ಚಾಕು ಯಾವ ಲೆಕ್ಕ!

ಚಾಕು ನನ್ನ ಅತ್ತೆಯವರದು. ಅತ್ತೆ ಎಂದರೆ ಸಂತಪುರದಲ್ಲಿ ನನ್ನ ಮೈದುನನ ಸಂಸಾರವನ್ನೂ ಹೊಲವನ್ನೂ ಒಂದೇ ಕೈಯಲ್ಲಿ ಆಳುವವರು. ಅವರ ಮದುವೆಯ ಹೊಸದರಲ್ಲಿ ಮಾವನವರು ಬೀದರಿನಲ್ಲಿ ಹೇಳಿ ಮಾಡಿಸಿ ತಂದುಕೊಟ್ಟ ಚಾಕು ಅದು. ಹಿಡಿಗೆ ಬಿದರಿ ಕೆಲಸ, ಕಪ್ಪು ಮೈಮೇಲೆ ಬೆಳ್ಳಿಯ ಸಣ್ಣ ಬಳ್ಳಿ. ಮಾವನವರು ತೀರಿಕೊಂಡ ಮೇಲೂ ಅದು ಅತ್ತೆಯವರ ಸೊಂಟದ ಚಂಚಿಯಲ್ಲಿ, ಎಲೆ ಅಡಿಕೆಯ ಪಕ್ಕದಲ್ಲಿ, ಹಾಯಾಗಿ ಇತ್ತು.

ಈ ಸಲ ದೀಪಾವಳಿಗೆ ಹೋದಾಗ ಅತ್ತೆ ನನ್ನನ್ನು ಕರೆದು, ಆ ಚಾಕುವನ್ನು ತೆಗೆದು ನೆಲದ ಮೇಲೆ ಇಟ್ಟರು.

"ತಗೋ ಶಾರದಾ. ಇನ್ನ ಮ್ಯಾಲ ನಿಂದು."

ನಾನು ಕೈ ಚಾಚಿದೆ. "ಕೈಯಾಗ ಕೊಡ್ರಿ ಅತ್ತಿ," ಎಂದೆ.

"ಚಾಕು ಕೈಯಾಗ ಕೊಡಬಾರದು. ಅತ್ತಿ-ಸೊಸಿ ಜಗಳ ಹತ್ತತದ. ನೆಲದ ಮ್ಯಾಲಿಂದ ಎತ್ಕೋ. ದಿನಾ ಸಂಗಟ ಇಟ್ಕೋಬೇಕು ಮತ್ತ. ಎಳ್ಳ ಅಮಾಸಿಗಿ ಹೊಲಕ್ಕ ಬರ್ತೀರಿ ಅಲಾ, ಅವಾಗ ತಗೊಂಡು ಬಾ. ನೋಡ್ತೀನಿ."

ನಾನು ಪರೀಕ್ಷೆ ನಡೆಸುವ ವೃತ್ತಿಯವಳು. 'ನೋಡ್ತೀನಿ' ಎಂದರೆ ನನ್ನ ಕಿವಿಗೆ ಪರೀಕ್ಷೆ ಎಂದೇ ಕೇಳಿಸುತ್ತದೆ. ಚಾಕುವಿನ ಹಿಡಿಯ ಮೇಲೆ ಹಳೆಯ ಗೆರೆಗಳು ನಾಲ್ಕಾರು ಇದ್ದವು. ಅವು ಅತ್ತೆಯವರ ಕಾಲದವು, ಅದಕ್ಕೆ ನಾನು ಜವಾಬ್ದಾರಳಲ್ಲ. ನನ್ನ ಕಾಲದಲ್ಲಿ ಮಾತ್ರ ಒಂದೇ ಒಂದು ಗೆರೆ ಬೀಳಬಾರದು. ಎಳ್ಳಮಾವಾಸ್ಯೆಗೆ ಅತ್ತೆ ಚಾಕುವನ್ನು ತಿರುವಿ ಮುರುವಿ ನೋಡಿ, 'ಭೇಷ್' ಅನ್ನಬೇಕು. ಹಾಗೆಂದು ಅಂದೇ ನಿರ್ಧರಿಸಿದೆ!

ಬೀದರಿಗೆ ಬಂದ ಕೂಡಲೇ ನಮ್ಮ ಮನೆಯವರು ಸಲಹೆ ಕೊಟ್ಟರು. "ಶೋಕೇಸಿನಾಗ ಇಡು. ಕೀಲಿ ಹಾಕು. ಮುಗೀತು."

"ದಿನಾ ಸಂಗಟ ಇಟ್ಕೋ ಅಂದಾರ್ರಿ ಅತ್ತಿ."

"ಹಂಗಾದ್ರ ಶೋಕೇಸು ಸಂಗಟ ಒಯ್ಯಿ."

ಇಂಥವರ ಹತ್ತಿರ ಕೇಳಿ ಪ್ರಯೋಜನವಿಲ್ಲವೆಂದು ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ದೇಶದ ಒಬ್ಬ ಗಡ್ಡದ ಮಹಾಶಯ, ಜೇಬಿನ ಚಾಕುವನ್ನು ಗೆರೆ ಬೀಳದ ಹಾಗೆ ಹೊತ್ತು ತಿರುಗುವ ವಿದ್ಯೆಯನ್ನು ಬಹಳ ಗಂಭೀರವಾಗಿ ಬೋಧಿಸುತ್ತಿದ್ದ. ಚಾಕುವಿಗೆ ಪ್ರತ್ಯೇಕ ಜೇಬಿರಬೇಕು. ಆ ಜೇಬಿನಲ್ಲಿ ಕೀಲಿ, ಚಿಲ್ಲರೆ ಇರಕೂಡದು. ಮೆತ್ತನೆಯ ಚೀಲ ಹೊದಿಸಬೇಕು. ಆಗಾಗ ಎಣ್ಣೆ ಹಚ್ಚಬೇಕು. ಎಲ್ಲಾ ಸರಿ. ಆದರೆ ಅವನ ಪ್ಯಾಂಟಿಗೆ ಆರು ಜೇಬು. ನನ್ನ ಸೀರೆಗೆ ಸೊನ್ನೆ!

ಉಳಿದದ್ದು ನನ್ನ ವ್ಯಾನಿಟಿ ಬ್ಯಾಗ್. ಅದರೊಳಗೆ ಮನೆಯ ಕೀಲಿ, ಶಾಲೆಯ ಬೀರುವಿನ ಕೀಲಿ, ಚಿಲ್ಲರೆ, ಪಿನ್ನು, ಕೈವಾರ, ಊಟದ ಡಬ್ಬಿ, ಚಾಕ್‌ಪೀಸಿನ ತುಂಡು, ಜೊತೆಗೆ ನನಗೇ ಗುರುತಿಲ್ಲದ ಎರಡು ಬೋಲ್ಟು. ಇಂಥ ವೈರಿಗಳ ನಡುವೆ ಮಾವನವರ ಪ್ರೀತಿಯ ಕಾಣಿಕೆಯನ್ನು ಬಿಡುವುದೆಂತು? ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿದೆ. ಕರವಸ್ತ್ರವನ್ನು ಒಂದು ಕಾಲುಚೀಲದಲ್ಲಿ ಇಳಿಸಿದೆ. ಕಾಲುಚೀಲವನ್ನು ನನ್ನ ಕನ್ನಡಕದ ಗಟ್ಟಿ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಅಳತೆಗೆ ಹೇಳಿ ಮಾಡಿಸಿದ ಹಾಗಿತ್ತು!

ಒಂದು ವಾರವಾದ ಮೇಲೆ ತೆಗೆದು ನೋಡಿದರೆ ಚಾಕುವಿಗೆ ಒಂದು ಗೆರೆಯೂ ಇಲ್ಲ. ಡಬ್ಬಿಯಿಂದ ಹೊರಬಿದ್ದ ಕನ್ನಡಕ ಮಾತ್ರ ಕೀಲಿಗಳ ಜೊತೆ ಉರುಳಾಡಿ, ಅದರ ಗಾಜಿನ ಮೇಲೆ ಬೀದರ ಜಿಲ್ಲೆಯ ಎಲ್ಲಾ ರಸ್ತೆಗಳೂ ಮೂಡಿದ್ದವು. ಆ ಕನ್ನಡಕ ಹಾಕಿಕೊಂಡೇ ಮೂರನ್ನು ಎಂಟೆಂದು ಓದಿ ಒಂದು ಲೆಕ್ಕ ಬಿಡಿಸಿದೆ. ಮಕ್ಕಳು ನಗಲಿಲ್ಲ. ನನ್ನ ಉತ್ತರವನ್ನೇ ಬರೆದುಕೊಂಡರು. ನನಗೆ ಅದೇ ಹೆಚ್ಚು ನಾಚಿಕೆಯಾಯಿತು.

ಇದರ ನಡುವೆ ಚಾಕುವಿನ ಸುದ್ದಿ ಶಿಕ್ಷಕರ ಕೋಣೆಯಲ್ಲಿ ಹಬ್ಬಿತ್ತು. ಒಂದು ಮಧ್ಯಾಹ್ನ ಹೆಡ್ ಮಾಸ್ತರರು ತಮ್ಮ ಮನೆಯ ಗಿಡದ್ದೆಂದು ದೊಡ್ಡ ಪೇರಲಹಣ್ಣು ತಂದರು.

"ಬಾಯಾರ, ನಿಮ್ಮ ಹತ್ತಿ ಬಿದರಿ ಚಾಕು ಅದ ಅಂತಲ್ರಿ. ಜರಾ ಕೊಡ್ರಿ."

ನಾನು ಡಬ್ಬಿ ತೆರೆದೆ. ಕಾಲುಚೀಲ ಕಳಚಿದೆ. ಕರವಸ್ತ್ರ ಬಿಚ್ಚಿದೆ. ಅವರು ಕೈ ಚಾಚಿದರು. ಕೈಯಲ್ಲಿ ಕೊಡುವ ಹಾಗಿಲ್ಲ, ಜಗಳ ಬರುತ್ತದೆ. ಬೇರೆಯವರ ಜೊತೆ ಬಂದರೆ ಸಹಿಸಬಹುದು, ನನ್ನ ರಜೆಗೆ ಸಹಿ ಹಾಕುವವರ ಜೊತೆ ಬಂದರೆ? ಟೇಬಲ್ಲಿನ ಮೇಲೆ ಇಡೋಣವೆಂದರೆ ಅದು ತಗಡಿನದು, ಗೆರೆ ಬೀಳುತ್ತದೆ. ಹಾಗಾಗಿ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಅದು ತೆಳು ಅನಿಸಿತು. ಅದರ ಮೇಲೆ ಕಾಲುಚೀಲ ಹಾಸಿದೆ. ಕಾಲುಚೀಲ ಹಣ್ಣಿನ ಪಕ್ಕ ಕಂಡದ್ದೇ ಹಿಂದಿ ಕಲಿಸುವ ಶಿಕ್ಷಕಿ ಮೂಗು ಮುಚ್ಚಿಕೊಂಡರು.

"ತೊಳದದ್ದು ಅದರಿ!" ಎಂದು ಪ್ರಮಾಣ ಮಾಡಿ ತಲೆ ಎತ್ತುವಷ್ಟರಲ್ಲಿ ಹೆಡ್ ಮಾಸ್ತರರು ಹಣ್ಣನ್ನು ಗೋಡೆಗೆ ಬಡಿದು ಒಡೆದು ಎಲ್ಲರಿಗೂ ಹಂಚಿ ಮುಗಿಸಿದ್ದರು. ನನ್ನ ಪಾಲಿಗೆ ಬೀಜದ ಭಾಗ ಬಂತು.

ಇನ್ನು ಎಣ್ಣೆಯ ಕಥೆ. ಗಡ್ಡದವನು ಒಂದೇ ಹನಿ ಅಂದಿದ್ದ. ಪ್ರೀತಿಯ ವಸ್ತುವಿಗೆ ಒಂದೇ ಹನಿ ಹಾಕುವುದು ನಮ್ಮ ಕಡೆಯ ಪದ್ಧತಿಯಲ್ಲ. ಹೋಳಿಗೆಗೆ ತುಪ್ಪ ಬಡಿಸುವಂತೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸುರಿದೆ. ಅದು ಕರವಸ್ತ್ರ ದಾಟಿ, ಕಾಲುಚೀಲ ದಾಟಿ, ಡಬ್ಬಿಯ ಸಂದಿಯಿಂದ ಹೊರಗೆ ಇಳಿದು, ಬ್ಯಾಗಿನಲ್ಲಿದ್ದ ಮಕ್ಕಳ ಉತ್ತರ ಪತ್ರಿಕೆಗಳನ್ನೆಲ್ಲ ಭಜಿ ಕಟ್ಟಿಕೊಡುವ ಕಾಗದ ಮಾಡಿತು. ಮುಂದಿನ ಪುಟದ ಉತ್ತರ ಹಿಂದಿನ ಪುಟದಲ್ಲೇ ಕಾಣುತ್ತಿತ್ತು. ಎಲ್ಲರಿಗೂ ಒಂದೆರಡು ಅಂಕ ಹೆಚ್ಚೇ ಹಾಕಿ ಕೈತೊಳೆದುಕೊಂಡೆ. ಕೈಯಿಂದ ಎಣ್ಣೆ ಮಾತ್ರ ಹೋಗಲಿಲ್ಲ.

ಬ್ಯಾಗಿನ ಸಹವಾಸವೇ ಬೇಡವೆಂದು ದರ್ಜಿಯ ಹತ್ತಿರ ಹೋಗಿ ಒಳಲಂಗಕ್ಕೆ ಗುಪ್ತ ಜೇಬೊಂದನ್ನು ಹೊಲಿಸಿದೆ. ಒಳಗೆ ಮಖಮಲ್ಲಿನ ಬಟ್ಟೆ, ಬೀಳಬಾರದೆಂದು ಬಾಯಿಗೆ ಜಿಪ್ಪು. ಈಗ ಚಾಕು ಅತ್ತೆಯವರ ಚಂಚಿಯ ಹಾಗೆಯೇ ಸೊಂಟದಲ್ಲಿ ಕೂತಿತು. ಮನಸ್ಸಿಗೆ ಎಷ್ಟು ಹಿಗ್ಗು! ಅತ್ತೆಯವರೇ ಜೊತೆಗಿದ್ದ ಹಾಗೆ ಅನಿಸಿ ಬಸ್ಸಿನಲ್ಲಿ ನಿಂತ ಕಾಲು ನೋಯಲೇ ಇಲ್ಲ.

ಒಂದೇ ಸಣ್ಣ ತೊಡಕು. ಯಾರಾದರೂ ಚಾಕು ಕೇಳಿದರೆ, ನಾಲ್ಕು ಜನರ ಮುಂದೆ ಅದನ್ನು ತೆಗೆಯುವುದು ಸಾಧ್ಯವಿರಲಿಲ್ಲ.

"ಬಾಯಾರ, ಈ ಸುತಳಿ ಜರಾ ಕೊಯ್ರಿ," ಎಂದರು ಹೆಡ್ ಮಾಸ್ತರರು, ಪುಸ್ತಕದ ಗಂಟೊಂದನ್ನು ಮುಂದಿಟ್ಟು.

"ಹತ್ತು ನಿಮಿಷ ತಡೀರಿ ಸರ್," ಎಂದು ಶೌಚಾಲಯದ ಕಡೆ ಓಡಿದೆ.

ಅಲ್ಲಿ ಜಿಪ್ಪು ಸಿಕ್ಕಿಕೊಂಡಿತು. ಮೇಲೂ ಬಾರದು, ಕೆಳಗೂ ಹೋಗದು. ಹೊರಗೆ ಘಂಟೆ ಬಾರಿಸಿದರು. ಉಸಿರು ಬಿಗಿಹಿಡಿದು ಜಗ್ಗಿದೆ. ಜಿಪ್ಪು ಕಿತ್ತು ಬಂತು, ಅದರ ಹಲ್ಲುಗಳು ಚಾಕುವಿನ ಹಿಡಿಯ ಮೇಲೆ ಬೆಳ್ಳಿಯ ಬಳ್ಳಿಯನ್ನು ಅಡ್ಡ ಸೀಳಿಕೊಂಡು ಹೋದವು. ಕೀಲಿಯಲ್ಲ, ಚಿಲ್ಲರೆಯಲ್ಲ, ಕೈವಾರವಲ್ಲ. ಕಾಯಲು ಹಚ್ಚಿದ ಜಿಪ್ಪೇ!

ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಎಳ್ಳಮಾವಾಸ್ಯೆ ಮುಂದಿನ ವಾರವೇ ಇತ್ತು. ಅತ್ತೆ ಅಷ್ಟು ವರ್ಷ ಸೊಂಟದಲ್ಲಿಟ್ಟುಕೊಂಡದ್ದನ್ನು ನಾನು ಎರಡು ತಿಂಗಳು ಕಾಯಲಾರದೆ ಹೋದೆನಲ್ಲ ಎಂದು ನಿಜಕ್ಕೂ ಅಳು ಬಂತು. ಮನೆಯವರಿಗೆ ಹೇಳಲಿಲ್ಲ. ಮರುದಿನ ಒಬ್ಬಳೇ ಊರೊಳಗಿನ ಬಿದರಿ ಕಾರೀಗರನ ಅಂಗಡಿಗೆ ಹೋದೆ.

ಅವನು ಚಾಕುವನ್ನು ಬೆಳಕಿಗೆ ಹಿಡಿದು ನೋಡಿದ. "ಇದೊಂದೇ ಗೆರಿ ತೆಗಿಲಕ್ಕ ಬರಲ್ರಿ ಬಾಯಿ. ಪೂರಾ ತಿಕ್ಕಬೇಕು, ಆಮ್ಯಾಗ ಬೀದರ ಕೋಟೆ ಮಣ್ಣು ಹಾಕಿ ಮತ್ತ ಕಪ್ಪು ಏರಸ್ಬೇಕು. ಹಳೇ ನಿಶಾನಿ ಎಲ್ಲಾ ಹೋಗಿಬಿಡ್ತಾವ. ಚಲ್ತದೇನ್ರಿ?"

"ಹಳೇವೂ ಹೋಗ್ತಾವ?" ಎಂದೆ.

"ಒಂದೂ ಉಳ್ಯಲ್ರಿ."

ನನ್ನ ಸಂತೋಷಕ್ಕೆ ಪಾರವಿಲ್ಲ! ಪಾಸಾದರೆ ಸಾಕೆಂದು ಹೋದವಳಿಗೆ ಮೊದಲ ಸ್ಥಾನವೇ ಸಿಗುವ ಹಾಗಿತ್ತು. "ಚಲ್ತದೇನ್ರಿ, ಓಡ್ತದ! ಮಾಡ್ರಿ!"

ಎಳ್ಳಮಾವಾಸ್ಯೆಯ ದಿನ ಔರಾದ ಬಸ್ಸು ಹಿಡಿದು ಸಂತಪುರದಲ್ಲಿ ಇಳಿದೆವು. ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಪೂಜೆಯಾಯಿತು, ನೈವೇದ್ಯದ ಅಡುಗೆಯನ್ನು ಹೊಲದ ಸುತ್ತ ಎರಚಿ ಚರಗ ಚೆಲ್ಲಿದ್ದಾಯಿತು. ಗಿಡದ ಕೆಳಗೆ ಜಮಖಾನೆ ಹಾಸಿ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ ಬಿಚ್ಚಿದರು. ಮೈದುನ, ಅವನ ಹೆಂಡತಿ, ಪಕ್ಕದ ಹೊಲದವರು ಎಲ್ಲರೂ ಸುತ್ತ ಕೂತಿದ್ದರು. ಅತ್ತೆ ಮೂಲಂಗಿಯ ಕಟ್ಟು ಎಳೆದುಕೊಂಡು ಅಂದರು:

"ಶಾರದಾ, ಚಾಕು ತಂದೀದಿ?"

ಈ ಗಳಿಗೆಗಾಗಿಯೇ ಕಾದಿದ್ದೆ. ಜಮಖಾನೆಯ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಕರವಸ್ತ್ರ, ಅದರ ಮೇಲೆ ಥಳಥಳಿಸುವ ಚಾಕು. ಅತ್ತೆ ಎತ್ತಿಕೊಂಡರು. ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ನಾನು 'ಭೇಷ್' ಕೇಳಲು ಕತ್ತು ಮುಂದೆ ಚಾಚಿದೆ.

"ಇದು ಯಾರದು?"

"ನಿಮ್ದೇರಿ ಅತ್ತಿ."

"ನಂದಲ್ಲ."

"ನಿಮ್ದೇರಿ!"

"ನಂದರ ಮ್ಯಾಲ ಇಲ್ಲಿ ಉದ್ದನ್ನ ಗೆರಿ ಇತ್ತು. ನಿಮ್ಮ ಮಾವ ಇದರಲಿಂದ ಎತ್ತಿನ ಗೂಟ ಕೆತ್ಲಕ್ಕ ಹೋಗಿದ್ದ. ಇಲ್ಲಿ ಮೂರು ಸಣ್ಣ ಗೆರಿ ಇದ್ದವು, ನಿನ್ನ ಗಂಡ ಸಣ್ಣಾಂವ ಇದ್ದಾಗ ಕಲ್ಲಿಗಿ ತಿಕ್ಕಿದ್ದು. ಅವು ಎಲ್ಲಿ?" ಅತ್ತೆ ದನಿ ತಗ್ಗಿಸಿದರು. "ಕಳಕೊಂಡು ಹೊಸಾದು ತಂದೀದಿ ಅಂದ್ರ ಹೇಳು ತಾಯಿ. ನಾ ಬೈಯಲ್ಲ."

ಎಲ್ಲರ ಕೈಯಲ್ಲಿದ್ದ ರೊಟ್ಟಿ ಅಲ್ಲಲ್ಲೇ ನಿಂತಿತು. ಎರಡು ತಿಂಗಳು ಕಾಲುಚೀಲ, ಕನ್ನಡಕ, ಲಂಗ, ಮಾನ ಮರ್ಯಾದೆ ಎಲ್ಲವನ್ನೂ ಪಣಕ್ಕಿಟ್ಟು ಕಾದ ಚಾಕುವಿನ ಕಳ್ಳಿಯಾಗಿ ನಾನು ಕೂತಿದ್ದೆ!

"ಕಳದಿಲ್ರಿ! ಗೆರಿ ತೆಗಿಸೀನ್ರಿ," ಎಂದು ಜಿಪ್ಪಿನಿಂದ ಕಾರೀಗರನವರೆಗೆ ಎಲ್ಲವನ್ನೂ ಹೇಳಿದೆ.

"ಯಾಕ ತೆಗಿಸಿದಿ?"

"ಗೆರಿ ಬೀಳಬಾರದಂತ..."

"ಯಾರ ಅಂದ್ರು?"

ನೆನಪು ಮಾಡಿಕೊಂಡೆ. ಯಾರೂ ಅಂದಿರಲಿಲ್ಲ. ಗಡ್ಡದವನೊಬ್ಬನನ್ನು ಬಿಟ್ಟರೆ ಈ ಭೂಮಿಯ ಮೇಲೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಮಾವನವರು ಎಳೆದ ಗೆರೆಯನ್ನು ಕೈಯಾರೆ ಒಯ್ದು ತಿಕ್ಕಿಸಿ ಬಂದೆನಲ್ಲ ಎಂದು ಕಣ್ಣು ತುಂಬಿ ಬಂದವು. ನಮ್ಮ ಮನೆಯವರು ಸಮಾಧಾನ ಹೇಳಬೇಕೋ ಬೇಡವೋ? "ಅವ್ವಾ, ನಾ ಶೋಕೇಸಿನಾಗ ಇಡು ಅಂದಿದ್ದೆ," ಎಂದು ತಾವು ಪಾರಾದರು.

ಅತ್ತೆ ನನ್ನ ಮುಖ ನೋಡಿದರು. ಚಾಕು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಕ್ಕೂ ನಕ್ಕೂ ಕೆಮ್ಮು ಬಂದು, ಅಂಬಲಿ ಕುಡಿದು, ಮತ್ತೆ ನಕ್ಕರು.

"ಹುಚ್ಚಿ! ಲಂಗಕ್ಕ ಜಿಪ್ಪು ಹಚ್ಚಿಸ್ಯಾಳ ನನ್ನ ಚಾಕು ಸಲುವಾಗಿ! ಅಳಬ್ಯಾಡ. ಎತ್ಕೋ, ಮೂಲಂಗಿ ಕೊಯ್ಯಿ."

ಅತ್ತೆ ಜಮಖಾನೆಯ ಮೇಲೆ ಇಟ್ಟ ಚಾಕುವನ್ನು ಎತ್ತಿಕೊಂಡು ಕೊಯ್ಯತೊಡಗಿದೆ. ಮೊದಲನೆಯ ಮೂಲಂಗಿಗೇ ಚಾಕು ಜಾರಿ, ಒಲೆಗೆ ಹೂಡಿದ್ದ ಕಲ್ಲಿಗೆ ಟಣ್ ಎಂದು ಬಡಿಯಿತು. ನಾನು ಚೀರಿದೆ. ಅತ್ತೆ ಎತ್ತಿ ನೋಡಿದರು. ಹೊಳೆಯುವ ಕಪ್ಪಿನ ಮೇಲೆ ಒಂದು ಬಿಳಿ ಗೆರೆ!

"ಹಾಂ," ಎಂದರು ಅತ್ತೆ, ಬಹಳ ತೃಪ್ತಿಯಿಂದ. "ಈಗ ಜರಾ ನಮ್ಮನಿ ಚಾಕು ಹಂಗ ಕಾಣ್ಲತ್ತದ."

ಪರೀಕ್ಷೆಯಲ್ಲಿ ಪಾಸಾದೆ ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡೆ. ಸಂಜೆ ಹೊಲದಿಂದ ಮನೆಗೆ ಬಂದು ಹೊರಡುವ ಹೊತ್ತಿಗೆ ಅತ್ತೆ ಚಾಕುವನ್ನು ಮಡಚಿ ತಮ್ಮ ಚಂಚಿಗೆ ಸೇರಿಸಿದರು.

"ಇದು ಇನ್ನೊಂದು ವರ್ಷ ನನ್ನ ಹತ್ತಿನೇ ಇರಲಿ. ನಿನ್ನ ಕೈಯಾಗ ಇದ್ರ ತಿಕ್ಕಿ ತಿಕ್ಕಿ ಚಾಕುನೇ ಮಾಯ ಮಾಡ್ತಿ." ಹಾಗೆಂದು ಒಳಗಿನಿಂದ ಒಂದು ಈಳಿಗೆಯನ್ನು ತಂದು ನನ್ನ ಮುಂದೆ ಇಟ್ಟರು. ದಪ್ಪ ಕಬ್ಬಿಣದ್ದು, ಕಾಲಿನಿಂದ ಒತ್ತಿ ಹಿಡಿದು ಕಾಯಿಪಲ್ಲೆ ಹೆಚ್ಚುವಂಥದ್ದು, ಮೈತುಂಬಾ ಗೆರೆ. "ಇದ ಒಯ್ಯಿ. ದಿನಾ ಕೊಯ್ಯಿ. ಸಾಮಾನು ಬಳಸ್ಲಕ್ಕ ಕಲಿ. ಮುಂದಿನ ಎಳ್ಳ ಅಮಾಸಿಗಿ ನೋಡಿ ಚಾಕು ಕೊಡ್ತೀನಿ. ಇದಕ್ಕ ನೀ ಏನ್ ಮಾಡಿದ್ರೂ ಏನೂ ಆಗಲ್ಲ."

ಹೀಗೆ ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಈಳಿಗೆಯ ತರಗತಿಗೆ ಇಳಿಸಲ್ಪಟ್ಟೆ. ಬೀದರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ನಮ್ಮ ಮನೆಯವರು ನನ್ನ ತೊಡೆಯ ಕಡೆ ನೋಡಿ ಕೇಳಿದರು:

"ಥಂಡಿ ಇಷ್ಟ ಅದ, ನಿನ್ನ ಹೊಸಾ ಶಾಲು ಎಲ್ಲದ?"

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಶಾಲನ್ನು ಈಳಿಗೆಗೆ ಎರಡು ಸುತ್ತು ಸುತ್ತಿದ್ದೆ. ರಸ್ತೆ ಬಹಳ ಕೆಟ್ಟಿತ್ತು, ಸೀಟಿನ ಕಬ್ಬಿಣ ತಾಗಿ ಅದಕ್ಕೆ ಗೆರೆ ಬಿದ್ದರೆ?