ನನ್ನ ಹೆಸರಿನ ಮಗ್ಗು

ಈ ಮನೆಯಲ್ಲಿ ಇನ್ನು ಮುಂದೆ ನನ್ನದೇ ಆದ ಒಂದು ಮಗ್ಗು ಇರತಕ್ಕದ್ದು, ಅದನ್ನು ನಾನಲ್ಲದೆ ಮತ್ತಾರೂ ಮುಟ್ಟತಕ್ಕದ್ದಲ್ಲ! ಹೀಗೆಂದು ಒಂದು ದಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಘೋಷಿಸಿದೆ. ಒಳಗೆ ಹೋಗಿ ಘೋಷಿಸುವ ಧೈರ್ಯವಿರಲಿಲ್ಲ. ಒಳಗೆ ನನ್ನ ತಾಯಿ ಯಮುನಾಬಾಯಿ ಮಡಿಯಲ್ಲಿದ್ದಳು.

ಇಷ್ಟಕ್ಕೆಲ್ಲ ಕಾರಣ ಒಂದು ಡಬ್ಬಿ ಚಹಾ. ಡಾರ್ಜಿಲಿಂಗಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬಳು ತಂದುಕೊಟ್ಟದ್ದು. ಪುಡಿಯಲ್ಲ ಸ್ವಾಮಿ, ಎಲೆ! ಅದನ್ನು ಕುದಿಸಬಾರದಂತೆ, ಹಾಲು ಸಕ್ಕರೆ ಸೋಕಿಸಬಾರದಂತೆ. ಬಿಸಿನೀರಿನಲ್ಲಿ ನೆನೆಯಲು ಬಿಟ್ಟು, ಎಲೆ ಅರಳುವವರೆಗೂ ತೆಪ್ಪಗೆ ಕೂತಿರಬೇಕಂತೆ. ಹುಟ್ಟಿದಾಗಿನಿಂದ ಕುದಿಸಿ ಕುದಿಸಿ ಕೊಟ್ಟ ಚಹಾವನ್ನೇ ಕುಡಿದ ಈ ಬಡ ನಾಲಿಗೆಗೆ ಕೊನೆಗೂ ಉದ್ಧಾರದ ಕಾಲ ಬಂತೆಂದು ನಾನು ಹಿಗ್ಗಿದೆ. ಆದರೆ ನೆನೆಯಲು ಬಿಡುವುದು ಯಾವುದರಲ್ಲಿ?

ಮೊದಲು ಗಾಜಿನ ಮಗ್ಗು ತಂದೆ. ಮರುದಿನ ನೋಡಿದರೆ ಅದರಲ್ಲಿ ಕೊತ್ತಂಬರಿ ಕಟ್ಟೊಂದು ನೀರಿಗೆ ಕಾಲಿಳಿಬಿಟ್ಟು ನಿಂತಿತ್ತು!

"ಅದರಾಗ ಭಾಳ ತಾಜಾ ಇರ್ತದರೀ," ಎಂದಳು ನನ್ನ ಹೆಂಡತಿ ಹರ್ಷದಾ. ನನ್ನ ಮುಖ ಬಾಡಿದ್ದು ಅವಳಿಗೆ ಕಾಣಲಿಲ್ಲ.

ಆಮೇಲೆ ಪಿಂಗಾಣಿಯದು ತಂದೆ. "ಪಿಂಗಾಣಿ ನನ್ನ ಒಲಿ ಕಟ್ಟಿ ಮ್ಯಾಲ ಬ್ಯಾಡ," ಎಂದು ಅವ್ವ ಅದನ್ನು ಗ್ಯಾಲರಿಗೆ ಗಡೀಪಾರು ಮಾಡಿದಳು. ಈಗ ಅದರಲ್ಲಿ ದಿನಾ ತುಳಸಿಗೆ ನೀರು ಬೀಳುತ್ತದೆ. ಕಾಚಿಗೂಡದ ನಮ್ಮ ಮನೆಯಲ್ಲಿ ತುಳಸಿಗೆ ಸ್ವಂತ ಮಗ್ಗಿದೆ, ಕೊತ್ತಂಬರಿಗೆ ಸ್ವಂತ ಮಗ್ಗಿದೆ, ಮನೆಯ ಯಜಮಾನನಿಗೆ ಇಲ್ಲ! ಎಂಥ ಅನ್ಯಾಯ ನೋಡಿ.

ಆದ್ದರಿಂದಲೇ ಆ ಘೋಷಣೆ. ಹಗಲೂ ರಾತ್ರಿ ಮೊಬೈಲಿನಲ್ಲಿ ಮಗ್ಗುಗಳ ಅಧ್ಯಯನ ಮಾಡಿದೆ. ಹಿಡಿಕೆ ಸುಡಬಾರದು, ಮುಚ್ಚಳ ಸಡಿಲವಿರಬಾರದು, ಒಳಗೆ ಇಳಿಬಿಡುವ ಜಾಲರಿ ಎಲೆ ಅರಳುವಷ್ಟು ಅಗಲವಿರಬೇಕು, ಆದರೆ ಒಂದು ಚೂರೂ ನುಸುಳದಷ್ಟು ಸಣ್ಣ ಕಣ್ಣಿನದಾಗಿರಬೇಕು. ಹರ್ಷದಾ ಒಮ್ಮೆ ಇಣುಕಿ ನೋಡಿ, "ನನ್ನ ನೋಡ್ಲಿಕ್ಕೆ ಬಂದಾಗ ಇಷ್ಟು ವಿಚಾರ ಮಾಡಿದ್ರೇನು?" ಎಂದಳು. ಆಗ ಇಷ್ಟು ವಿಚಾರ ಮಾಡಿದ್ದರೆ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡೆ.

ಕೊನೆಗೆ ಬೇಗಂ ಬಜಾರಿನ ಪಾತ್ರೆ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಸ್ಟೀಲಿನದು, ಎರಡು ಪದರದ್ದು, ಜಾಲರಿ ಮುಚ್ಚಳ ಎಲ್ಲ ನಾನು ಬಯಸಿದಂತೆಯೇ! ಅಷ್ಟಕ್ಕೇ ಬಂದಿದ್ದರೆ ಚೆನ್ನಾಗಿತ್ತು. ಅಂಗಡಿಯ ಮೂಲೆಯಲ್ಲಿ ಕೊರೆಯುವ ಮಷಿನ್ನು ಹಿಡಿದು ಒಬ್ಬ ಕೂತಿದ್ದ. ಹೆಸರು ಹಾಕುವುದು ಪುಕ್ಕಟೆ! ನನ್ನ ತಲೆಯಲ್ಲಿ ದೀಪ ಹತ್ತಿತು. ಹೆಸರೇ ಬರೆದಿದ್ದ ಮೇಲೆ ಇನ್ನಾರು ಮುಟ್ಟುತ್ತಾರೆ?

"ಪೆಳ್ಳಿಕಾ ಸಾರ್, ಗೃಹಪ್ರವೇಶಾನಿಕಾ?" ಮದುವೆಗೋ, ಹೊಸ ಮನೆಗೋ ಎಂದು ಅವನ ಪ್ರಶ್ನೆ.

"ನಾಕೇ!" ಎಂದು ಎದೆ ತಟ್ಟಿಕೊಂಡು ಹೇಳಿದೆ. ನನಗೇ! ಅವನು ನನ್ನನ್ನು ಒಂದು ಥರಾ ನೋಡಿದ. ಆಮೇಲೆ ತೆಲುಗು ಲಿಪಿಯಲ್ಲಿ ದುಂಡಗೆ ‘ನಚಿಕೇತ’ ಎಂದು ಕೊರೆದುಕೊಟ್ಟ. ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ ಕನ್ನಡದವರೂ ಓದಬಹುದು.

ಶನಿವಾರ ಸಂಜೆ ಮಗ್ಗನ್ನು ಡಬ್ಬದ ಸಮೇತ ಊಟದ ಮೇಜಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟೆ. ಭಾನುವಾರ ಬೆಳಿಗ್ಗೆ ಉದ್ಘಾಟನೆ. ಅದೇ ಭಾನುವಾರ ನಮ್ಮ ಆಫೀಸಿನ ಮೇಲಧಿಕಾರಿ ಬಸವಲಿಂಗಪ್ಪನವರ ಗಚ್ಚಿಬೌಲಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶವೂ ಇತ್ತು. ನಸುಕಿನಲ್ಲಿ ಹೋಮದ ಹೊಗೆ ನನಗಾಗದೆಂದು ನೆಗಡಿಯ ನೆಪ ಹೇಳಿ ಹಾಸಿಗೆಯಲ್ಲೇ ಉಳಿದೆ. ಅವ್ವ, ಹರ್ಷದಾ ಹೋದರು. ನಾನು ಎದ್ದು, ನೀರು ಕಾಯಿಸಿ, ಎಲೆಯ ಡಬ್ಬಿ ತೆರೆದು, ಮೇಜಿನ ಕಡೆ ಕೈ ಚಾಚಿದರೆ, ಮೇಜು ಬರಿದು!

ಮಧ್ಯಾಹ್ನ ಇಬ್ಬರೂ ಹೋಳಿಗೆ ಉಂಡು ನಗುನಗುತ್ತಾ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನ ಬೆನ್ನು ಸವರಿದಳು.

"ನಚ್ಯಾ, ನಿನಗ ಬುದ್ಧಿ ಇಲ್ಲಂತ ಇಷ್ಟು ದಿನಾ ಬಯ್ಯಲಿಕ್ಕತ್ತಿದ್ದೆ. ಅವರಿಗೆ ಕೊಡ್ಲಿಕ್ಕೆ ಆಹೇರಿ ತರೂದು ನಮಗ ನೆನಪಿರಲಿಲ್ಲ. ನೀ ಮಾತ್ರ ತಂದು, ಹೆಸರು ಹಾಕಿಸಿ, ತಯಾರ ಮಾಡಿ ಇಟ್ಟಿದ್ದಿ! ಎಲ್ಲಾರೂ ನಿನ್ನ ಹೆಸರು ಓದಿ ಓದಿ ಹೊಗಳಿದ್ರು."

"ಅವ್ವಾ! ಅದು ನಂಗ ತಂದದ್ದು! ಅದಕ್ಕ ನನ್ನ ಹೆಸರು ಹಾಕ್ಸಿದ್ದೆ!"

ಅವ್ವ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. "ತನ್ನ ಪಾತ್ರಿ ಮ್ಯಾಲ ತನ್ನ ಹೆಸರು ಯಾರರ ಹಾಕಿಸ್ಕೋತಾರೇನೋ? ಹೆಸರು ಹಾಕಿಸೂದು ಮಂದಿಗೆ ಕೊಡ್ಲಿಕ್ಕೆ!"

ಹರ್ಷದಾಳ ಕಡೆ ತಿರುಗಿದೆ. "ನಿನಗರ ಗೊತ್ತಿತ್ತಲ್ಲ?"

"ಅತ್ತೀಯವರ ಬ್ಯಾಗಿನಾಗಿನಿಂದ ಅದು ಹೊರಗ ಬಂದಾಗನ ನಾ ನೋಡಿದ್ದು. ಅಷ್ಟರಾಗ ಅವರ ಕೈಗೆ ಹೋಗಿತ್ತು. ಹೋಮದ ಮುಂದ ನಿಂತು ಕಸಗೋಬೇಕಿತ್ತೇನು?" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುವುದಕ್ಕಲ್ಲ!

ನಾನು ಸುಮ್ಮನಿರುವ ಗಂಡಸೇ? ಮುಂದಿನ ಭಾನುವಾರ ಒಂದು ದೊಡ್ಡ ಕುಕ್ಕರು ಕೊಂಡೆ. ಕುಕ್ಕರು ಕೊಡುವುದು, ಮಗ್ಗು ತರುವುದು, ಇದು ನನ್ನ ರಾಜತಾಂತ್ರಿಕ ಯೋಜನೆ. ಕ್ಯಾಬಿನಲ್ಲಿ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು, ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಕುಕ್ಕರಿಗಿಂತ ಹೆಚ್ಚು ಬೆಂದು, ಬಸವಲಿಂಗಪ್ಪನವರ ಬಾಗಿಲು ತಟ್ಟಿದೆ.

ಅವರ ಹೆಂಡತಿ ಪಾರ್ವತೆಮ್ಮ ನನಗೆ ಕಪ್ಪುಬಶಿಯಲ್ಲಿ ಚಹಾ ಕೊಟ್ಟು, ಎದುರಿಗೆ ಕೂತು ತಾವೂ ಕುಡಿಯತೊಡಗಿದರು. ಯಾವುದರಲ್ಲಿ? ನನ್ನ ಮಗ್ಗಿನಲ್ಲಿ! ಅದೂ ಶುಂಠಿ ಹಾಕಿ, ಕೆಂಪಗೆ ಕುದಿಸಿದ ಗಟ್ಟಿ ಚಹಾ!

"ಸೋಸೋ ಜಾಳಿಗಿನೂ ಇದರಾಗs ಐತಿ ನೋಡ್ರಿ! ಭಾಳ ಛಲೋ ಆತು," ಎಂದು ಸುರ್ ಎನಿಸಿದರು. ಆ ಸದ್ದು ನನ್ನ ಎದೆಯನ್ನು ಸೀಳಿಕೊಂಡು ಹೋಯಿತು.

"ಆ ಮಗ್ಗು... ಅದು ನಂದರೀ," ಎಂದೆ. ಧೈರ್ಯ ಮಾಡಿಯೇ ಎಂದೆ.

"ಮತ್ತ ಯಾರ್ದ್ರೀ? ಬಂದ ಮಂದಿಗೆಲ್ಲಾ ಹೆಸರು ತೋರಿಸೇ ಹೇಳಾಕತ್ತೀನಿ, ಇದು ನಚಿಕೇತರಾಯರ್ದು ಅಂತ!"

"ಹಂಗಲ್ಲರೀ. ಅದು ತಪ್ಪಿ ಬಂದದ. ನಾ ಕೊಡಬೇಕಂತಿದ್ದದ್ದು ಇದು." ಕುಕ್ಕರನ್ನು ಮುಂದಕ್ಕೆ ತಳ್ಳಿದೆ.

ಬಸವಲಿಂಗಪ್ಪನವರು ಗಂಭೀರವಾಗಿ ಕನ್ನಡಕ ತೆಗೆದರು. "ಹೆಸರಿಲ್ಲದ್ದಾಗಿದ್ರ ಮಾತು ಬ್ಯಾರೆ ಇತ್ತು. ಗ್ವಾಡಿ ಗಡಿಯಾರ ರಾಶಿ ಬಿದ್ದಾವು, ಒಂದರ ಮ್ಯಾಲೂ ಹೆಸರಿಲ್ಲ. ಬೇಕಾದ್ರ ಎರಡು ಒಯ್ರಿ. ಆದ್ರ ಹೆಸರು ಹಾಕ್ಸಿ ಕೊಟ್ಟದ್ದು ಹೊಳ್ಳಿ ಕೊಟ್ರ ಮಂದಿ ಏನಂದಾರು? ನಮಗೂ ನಿಮಗೂ ಜಗಳಾ ಆಗೇತಿ ಅನ್ನಂಗಿಲ್ಲೇನ್ರಿ?"

ನನ್ನ ರಜೆಯ ಅರ್ಜಿಗೆ ಸಹಿ ಹಾಕುವ ಕೈ ಅದು. ಜಗಳವಿಲ್ಲವೆಂದು ಒಪ್ಪಿಕೊಂಡೆ.

"ಒಂದs ಮನೀಗೆ ಎರಡ ಸರ್ತಿ ಆಹೇರಿ ಮಾಡೋರ್ನ ನಾ ಎಲ್ಲೂ ನೋಡಿಲ್ರೀ!" ಎಂದು ಪಾರ್ವತೆಮ್ಮ ಕುಕ್ಕರನ್ನು ಒಳಗೆ ಒಯ್ದರು. ಕುಕ್ಕರೂ ಹೋಯಿತು!

ಮನೆಗೆ ಬಂದು ಕುದಿಯುತ್ತಾ ಅಡುಗೆಮನೆಯಲ್ಲಿ ನಿಂತೆ. ಕುಡಿಯಲೆಂದು ನೀರಿನ ತಂಬಿಗೆ ಎತ್ತಿದರೆ ಅದರ ಮೇಲೆ ‘ಸೂಗಪ್ಪ’. ಹಾಲಿನ ಪಾತ್ರೆಯ ಮೇಲೆ ‘ಸುಹಾಸಿನಿ’. ಹಿಟ್ಟಿನ ಡಬ್ಬಿಯ ಮೇಲೆ ಯಾರೋ ಸತ್ತುಹೋದ ತಹಸೀಲ್ದಾರರು. ಇಡೀ ಮನೆಯಲ್ಲಿ ನಮ್ಮ ಹೆಸರಿನ ಪಾತ್ರೆ ಒಂದೂ ಇಲ್ಲ! ನಮ್ಮ ಹೆಸರಿನವೆಲ್ಲ ಊರವರ ಮನೆಯಲ್ಲಿ ಸಂಸಾರ ಮಾಡುತ್ತಿವೆ. ನಮ್ಮಲ್ಲಿ ಗಟ್ಟಿಯಾಗಿ ತಳವೂರಿರುವುದು ಪರರ ಹೆಸರಿನವೇ.

ಆಗ ಹೊಳೆಯಿತು. ಆಹಾ, ಎಂಥ ಯುಕ್ತಿ! ಮರುದಿನವೇ ಬೇಗಂ ಬಜಾರಿಗೆ ಹೋಗಿ ಅಂಥದೇ ಇನ್ನೊಂದು ಮಗ್ಗು ಕೊಂಡೆ. ಅದರ ಮೇಲೆ ‘ಬಸವಲಿಂಗಪ್ಪ’ ಎಂದು ಹಾಕಿಸಿದೆ. ಇನ್ನು ಇದನ್ನು ಯಾವ ಗೃಹಪ್ರವೇಶಕ್ಕೂ ಕೊಡುವಂತಿಲ್ಲ, ಇದರಲ್ಲಿ ಕೊತ್ತಂಬರಿ ನಿಲ್ಲಿಸುವಂತಿಲ್ಲ!

"ಸಾಹೇಬರು ಕೊಟ್ರು," ಎಂದು ಅವ್ವನ ಮುಂದೆ ಇಟ್ಟೆ.

ಅವ್ವ ಹೆಸರನ್ನು ಬೆರಳಿನಿಂದ ಸವರಿ ಓದಿದಳು. ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ನಾನು ಎಲೆಯ ಡಬ್ಬಿ ಹುಡುಕಿಕೊಂಡು ಬರುವಷ್ಟರಲ್ಲಿ ಮಗ್ಗು ಶೋಕೇಸಿನ ಗಾಜಿನ ಹಿಂದೆ ಕುಳಿತು, ಬೀಗವೂ ಬಿದ್ದಿತ್ತು! ಸಾಲದೆಂಬಂತೆ, ಥ್ಯಾಂಕ್ಸ್ ಹೇಳಲೆಂದು ಅವ್ವ ಪಾರ್ವತೆಮ್ಮನಿಗೆ ಫೋನು ಹಚ್ಚಿ, ದಂಪತಿಗಳನ್ನು ಮನೆಗೂ ಕರೆದಳು. ಥ್ಯಾಂಕ್ಸ್ ಯಾವುದಕ್ಕೆಂದು ಅವರಿಗೆ ತಿಳಿಯದಿದ್ದರೂ, ಕರೆದರೆಂದು ಬಂದರು.

ಬಸವಲಿಂಗಪ್ಪನವರ ಮುಂದೆ ಅವ್ವ ಆ ಮಗ್ಗಿನ ತುಂಬ ಚಹಾ ತಂದಿಟ್ಟು, "ನಿಮ್ದs ನೋಡ್ರಿ!" ಎಂದಳು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ನನ್ನ ಸುಳ್ಳು ಸಿಕ್ಕಿಬಿದ್ದು, ಮಾನವೂ ಹೋಗಿ, ರಜೆಯೂ ಹೋಗುವ ಗಳಿಗೆ! ಅವರು ತಮ್ಮ ಹೆಸರನ್ನು ಓದಿದರು. ಇನ್ನೊಮ್ಮೆ ಓದಿದರು. ಹೆಂಡತಿಯ ಕಡೆ ನೋಡಿದರು. ಪಾರ್ವತೆಮ್ಮ ಗಂಡನ ಕಡೆ ನೋಡಿದರು. ಆಮೇಲೆ ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಮ್ಮ ಮನಿಯಾಕಿ ನಂಗ ಒಂದ ಮಾತು ಹೇಳದs ಕೊಟ್ಟಾಳ ಕಾಣಸ್ತೈತ್ರಿ. ಹೋಗ್ಲಿ ಬಿಡ್ರಿ, ನಿಮ್ಮಂಥವರ ಮನ್ಯಾಗ ಐತಲ್ಲ."

ಬದುಕಿದೆ! ಅವರು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಮುಖ ಅರಳಿತು.

"ಅಬ್ಬಬ್ಬಾ, ಏನ್ ಬಿಸಿ ಹಿಡಿತೈತ್ರಿ ಇದು! ನಿಮಗ ಎಲಿ ಚಾದ ಶೋಕ್ ಐತಿ ಅಂತ ಆಫೀಸಿನಾಗ ಎಲ್ಲಾರೂ ಹೇಳ್ತಾರ. ಇದರಾಗ ಭಾಳ ರುಚಿ ಬರ್ತಿರಬೇಕಲ್ರಿ ನಚಿಕೇತರಾಯರ?"

ನಾನು ಬಾಯಿ ತೆರೆದೆ. ನನಗಿಂತ ಮೊದಲು ಅವ್ವ ಹೆಮ್ಮೆಯಿಂದ ಉತ್ತರಿಸಿದಳು.

"ಛೇ ಛೇ, ಎಲ್ಲೀದರೀ! ನೀವು ಪ್ರೀತಿಯಿಂದ ಕೊಟ್ಟದ್ದು. ಇವಂಗ ಅದನ್ನ ಮುಟ್ಟಲಿಕ್ಕೂ ಬಿಟ್ಟಿಲ್ಲ!"